ಉತ್ತರ ಅಷ್ಟೇ ಸಾಲದು, ಲೆಕ್ಕದ ದಾರಿಯೂ ಕಾಣಬೇಕು

ಕಾಲುವೆಗೆ ಎಷ್ಟು ಕ್ಯೂಸೆಕ್ ಬಿಟ್ಟರು ಎಂಬ ಸುದ್ದಿ ನಮ್ಮ ಕಡೆ ಚಿನ್ನದ ರೇಟಿಗಿಂತ ಬೇಗ ಊರು ಸುತ್ತುತ್ತದೆ. ಹಟ್ಟಿ ಚಿನ್ನದ ಗಣಿ ನಮ್ಮ ಲಿಂಗಸುಗೂರು ತಾಲ್ಲೂಕಿನಲ್ಲೇ ಇದ್ದರೂ ಈ ಮಾತು ನಿಜ. ಸಿಂಧನೂರಿನ ಭತ್ತಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಯೇ ಜೀವ. ಲಿಂಗಸುಗೂರು ಕಡೆಗೆ ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆ. ಮಸ್ಕಿಯಲ್ಲಿ ಒಂದು ಊರಿಗೆ ನೀರುಂಟು, ಪಕ್ಕದ ಊರಿಗೆ ಇಲ್ಲ. 5ಎ ಕಾಲುವೆ ಬೇಕೆಂದು ರೈತರು ಧರಣಿ ಕೂತ ಸೀಮೆ ಅದು.

ಇಂಥ ಕಡೆ ಸುದ್ದಿ ಬರೆಯುವ ನಮಗೆ ದಿನಾ ಬರುವುದು ಅಂಕಿಗಳೇ. ಒಳಹರಿವು ಇಷ್ಟು, ಹೊರಹರಿವು ಇಷ್ಟು, ಸಂಗ್ರಹ ಇಷ್ಟು ಟಿಎಂಸಿ. ನಾವು ಅದನ್ನು ಬರೆದು ಕಳಿಸುತ್ತೇವೆ, ಪೇಪರಿನಲ್ಲಿ ಬರುತ್ತದೆ, ನೀವು ಓದುತ್ತೀರಿ. ಆದರೆ ಆ ಅಂಕಿ ಹೇಗೆ ಬಂತು ಎಂಬುದು ಬರೆದವರಿಗೂ ಕಾಣುವುದಿಲ್ಲ, ಓದಿದವರಿಗೂ ಕಾಣುವುದಿಲ್ಲ. ಶಾಲೆಯಲ್ಲಿ ಉತ್ತರ ಸರಿ ಇದ್ದರೂ ಕ್ರಮ ಬರೆಯದಿದ್ದರೆ ಮೇಷ್ಟ್ರು ಅರ್ಧ ಅಂಕ ಕತ್ತರಿಸುತ್ತಿದ್ದರು. ನೀರಿನ ವಿಷಯದಲ್ಲಿ ಮಾತ್ರ ಕ್ರಮವಿಲ್ಲದ ಉತ್ತರವನ್ನೇ ಎಲ್ಲರೂ ಒಪ್ಪಿಕೊಂಡು ಕೂತಿದ್ದೇವೆ.

ಕ್ರಮವನ್ನೂ ಉತ್ತರವನ್ನೂ ಒಂದೇ ಹಾಳೆಯಲ್ಲಿ ಇಡುವ ಒಂದು ಸಾಧನವಿದೆ. ಕಂಪ್ಯೂಟರಿನ ಗಣಿತದ ತಂತ್ರಾಂಶವನ್ನು ಬ್ರೌಸರಿನಲ್ಲಿ ತೆರೆದು, ನೋಟ್‌ಬುಕ್‌ನಂತೆ ಬರೆಯುತ್ತ ಹೋಗುವುದು. ಅದನ್ನು ನಾವು ಹೇಗೆ ನಡೆಸುತ್ತೇವೆ, ಅದರಿಂದ ಒಂದು ಊರಿನ ನೀರಿನ ತಕರಾರಿನಲ್ಲಿ ಏನಾಯಿತು ಎಂಬುದೇ ಈ ಬರಹ.

ನಾವು ಮೂವರು

ನಾವು ಜರ್ನಲಿಸಂ ಡಿಪ್ಲೊಮಾ ಮುಗಿಸಿದ ಮೂವರು. ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಕಡೆ ಒಬ್ಬೊಬ್ಬರು. ಸಂಬಳವಿಲ್ಲ, ಬಂದ ಸುದ್ದಿಗೆ ಇಷ್ಟು ಎಂದು ಲೆಕ್ಕ. ಮೂವರ ನಡುವೆ ಇರುವುದು ಒಂದು ಹಳೆಯ ಲ್ಯಾಪ್‌ಟಾಪ್. ಅದು ಸಿಂಧನೂರಿನಲ್ಲಿ ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿರುತ್ತದೆ. ಉಳಿದದ್ದೆಲ್ಲ ಫೋನಿನಲ್ಲೇ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿ ಹೋಯಿತಲ್ಲ, ಆ ವಾರ ನಮ್ಮ ಫೋನು ಒಂದು ಗಳಿಗೆ ಸುಮ್ಮನಿರಲಿಲ್ಲ. ನಾಟಿ ಮಾಡಿದವರೂ ಕೇಳಿದರು, ಸಸಿ ಮಡಿ ಇಟ್ಟುಕೊಂಡವರೂ ಕೇಳಿದರು. ಎಲ್ಲರದೂ ಒಂದೇ ಪ್ರಶ್ನೆ: "ಇಷ್ಟು ನೀರು ಹೋದ್ರ ನಮಗ ಎಷ್ಟು ದಿನದ ನೀರು ಹೋದಂಗಾತ್ರಿ?" ಟಿವಿಯವರು ಕ್ಯೂಸೆಕ್ ಹೇಳುತ್ತಿದ್ದರು, ಅಧಿಕಾರಿಗಳು ಟಿಎಂಸಿ ಹೇಳುತ್ತಿದ್ದರು. ರೈತರಿಗೆ ಬೇಕಾಗಿದ್ದು ದಿನದ ಲೆಕ್ಕ, ಎಕರೆಯ ಲೆಕ್ಕ.

ಲೆಕ್ಕವೇನೋ ಸಣ್ಣದು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಅಂದರೆ ಸುಮಾರು 28 ಲೀಟರ್. ಒಂದು ದಿನಕ್ಕೆ 86,400 ಸೆಕೆಂಡು. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ಒಂದು ಲಕ್ಷ ಕ್ಯೂಸೆಕ್ ಒಂದು ಇಡೀ ದಿನ ಹರಿದರೆ 8.64 ಟಿಎಂಸಿ ಖಾಲಿ. ಅದೇ ಒಂದು ಟಿಎಂಸಿ ನೀರನ್ನು ಕಾಲುವೆಗೆ 4,000 ಕ್ಯೂಸೆಕ್‌ನಂತೆ ಬಿಟ್ಟರೆ ಹತ್ತಿರ ಹತ್ತಿರ ಮೂರು ದಿನ ಬರುತ್ತದೆ. ಇನ್ನೊಂದು ನೋಡಿ. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಸುಮಾರು 105 ಟಿಎಂಸಿ ಹಿಡಿಯುತ್ತದೆ. ಕಡಿಮೆಯಾದ 28 ಟಿಎಂಸಿ ಎಂದರೆ 4,000 ಕ್ಯೂಸೆಕ್ ಕಾಲುವೆಗೆ 81 ದಿನದ ನೀರು. ಹೂಳು ಎಂದರೆ ಏನು ಎಂದು ಕೇಳಿದವರಿಗೆ ಇಷ್ಟು ಹೇಳಿದರೆ ಸಾಕು.

ಇದನ್ನು ಕ್ಯಾಲ್ಕುಲೇಟರಿನಲ್ಲೂ ಮಾಡಬಹುದು. ಆದರೆ ಕ್ಯಾಲ್ಕುಲೇಟರ್ ಕೊನೆಗೆ ತೋರಿಸುವುದು ಉತ್ತರ ಮಾತ್ರ. ಹತ್ತು ಜನಕ್ಕೆ ಹತ್ತು ಸಲ ಮೊದಲಿನಿಂದ ಒತ್ತಬೇಕು. ನಡುವೆ ಎಲ್ಲಿ ಏನು ಒತ್ತಿದೆವು ಎಂಬುದು ಉಳಿಯುವುದಿಲ್ಲ. ಆ ವಾರವೇ ನಾವು ನೋಟ್‌ಬುಕ್ ಹಿಡಿದೆವು.

ಇದು ಎಂಥ ನೋಟ್‌ಬುಕ್

ಬ್ರೌಸರ್ ತೆರೆದರೆ ಒಂದು ಉದ್ದನೆಯ ಬಿಳಿ ಹಾಳೆ. ಅದರಲ್ಲಿ ಒಂದರ ಕೆಳಗೊಂದು ಚೌಕಗಳು. ಅವಕ್ಕೆ ಸೆಲ್ ಎನ್ನುತ್ತಾರೆ. ಒಂದು ಸೆಲ್‌ನಲ್ಲಿ ಕನ್ನಡದಲ್ಲಿ ವಿವರಣೆ ಬರೆಯಬಹುದು, ಇನ್ನೊಂದರಲ್ಲಿ ಲೆಕ್ಕ ಬರೆಯಬಹುದು. ರನ್ ಒತ್ತಿದರೆ ಲೆಕ್ಕದ ಕೆಳಗೇ ಉತ್ತರ ಮೂಡುತ್ತದೆ. ಬೇಕೆಂದರೆ ಅಲ್ಲೇ ನಕ್ಷೆ ಕೂಡ. ವಿವರಣೆ, ಲೆಕ್ಕ, ಉತ್ತರ ಮೂರೂ ಒಟ್ಟಿಗೆ ಇರುತ್ತವೆ. ಫೈಲು ಕಳಿಸಿದರೆ ಮೂರೂ ಒಟ್ಟಿಗೇ ಹೋಗುತ್ತವೆ.

ಇದು ಇವತ್ತಿನದಲ್ಲ. 1988ರಲ್ಲಿ ಬಂದ ಮ್ಯಾಥಮ್ಯಾಟಿಕಾ ಎಂಬ ತಂತ್ರಾಂಶದಲ್ಲೇ ಇಂಥ ನೋಟ್‌ಬುಕ್ ಇತ್ತು. ಆದರೆ ಅದಕ್ಕೆ ದುಡ್ಡು ಕೊಡಬೇಕು. 2001ರಲ್ಲಿ ಕೊಲಂಬಿಯಾ ದೇಶದ ಫರ್ನಾಂಡೊ ಪೆರೆಜ್ ಎಂಬ ವಿದ್ಯಾರ್ಥಿ ಅಮೆರಿಕದಲ್ಲಿ ಓದುತ್ತಿದ್ದಾಗ ತನ್ನ ಅನುಕೂಲಕ್ಕೆ ಐಪೈಥಾನ್ ಬರೆದರು. 2005ರಲ್ಲಿ ವಿಲಿಯಂ ಸ್ಟೈನ್ ಎಂಬ ಗಣಿತಜ್ಞರು ಸೇಜ್ ಶುರು ಮಾಡಿದರು. ದುಬಾರಿ ಗಣಿತ ತಂತ್ರಾಂಶಗಳಿಗೆ ಬದಲಾಗಿ ಯಾರು ಬೇಕಾದರೂ ಪುಕ್ಕಟೆ ಬಳಸುವಂಥದ್ದು ಇರಲಿ ಎಂಬುದು ಅವರ ಉದ್ದೇಶ. ಸೇಜ್‌ನವರು ಬ್ರೌಸರಿನಲ್ಲೇ ನಡೆಯುವ ನೋಟ್‌ಬುಕ್ ಮಾಡಿದರು. ಐಪೈಥಾನ್ ಕಡೆಯಿಂದ 2014ರಲ್ಲಿ ಜುಪಿಟರ್ ಎಂಬ ಹೆಸರಿನ ಯೋಜನೆ ಬೆಳೆಯಿತು. ಜೂಲಿಯಾ, ಪೈಥಾನ್, ಆರ್ ಎಂಬ ಮೂರು ಕಂಪ್ಯೂಟರ್ ಭಾಷೆಗಳ ಹೆಸರು ಕೂಡಿಸಿ ಮಾಡಿದ ಹೆಸರದು. ಮುಂದೆ ಸೇಜ್ ಕೂಡ ತನ್ನ ಹಳೆಯ ನೋಟ್‌ಬುಕ್ ಬಿಟ್ಟು ಜುಪಿಟರ್‌ಗೇ ಬಂತು.

2016ರ ಫೆಬ್ರುವರಿಯಲ್ಲಿ ಲೈಗೋ ವಿಜ್ಞಾನಿಗಳು ಎರಡು ಕಪ್ಪುಕುಳಿಗಳು ಡಿಕ್ಕಿ ಹೊಡೆದ ಅಲೆಯನ್ನು ಹಿಡಿದೆವು ಎಂದು ಜಗತ್ತಿಗೆ ಹೇಳಿದರು. ಆಗ ಅಳತೆಯ ಅಂಕಿಗಳನ್ನೂ, ಅವನ್ನು ಲೆಕ್ಕ ಹಾಕುವ ನೋಟ್‌ಬುಕ್ಕನ್ನೂ ಎಲ್ಲರಿಗೂ ಬಿಟ್ಟುಕೊಟ್ಟರು. ನಂಬಿ ಎಂದಷ್ಟೇ ಹೇಳಲಿಲ್ಲ, ನೀವೇ ಮಾಡಿ ನೋಡಿ ಎಂದರು. ಆಕಾಶದ ಲೆಕ್ಕಕ್ಕೆ ಅಷ್ಟು ಪಾರದರ್ಶಕತೆ ಇರುವಾಗ ಕಾಲುವೆಯ ಲೆಕ್ಕಕ್ಕೆ ಯಾಕೆ ಬೇಡ ಎನ್ನುವುದು ನಮ್ಮ ಪ್ರಶ್ನೆ.

ನಡೆಸುವ ದಾರಿಗಳು

ನಮ್ಮ ಅನುಭವದಲ್ಲಿ ಇದನ್ನು ನಡೆಸಲು ನಾಲ್ಕು ದಾರಿಗಳಿವೆ.

ಒಂದು, ಲ್ಯಾಪ್‌ಟಾಪಿನಲ್ಲಿ. ಪೈಥಾನ್ ಮತ್ತು ಜುಪಿಟರ್ ಹಾಕಿಕೊಂಡು ಕಪ್ಪು ಪರದೆಯಲ್ಲಿ ಆದೇಶ ಕೊಟ್ಟರೆ ಬ್ರೌಸರ್ ತಾನಾಗಿ ತೆರೆಯುತ್ತದೆ. ವಿಳಾಸದ ಜಾಗದಲ್ಲಿ ಲೋಕಲ್‌ಹೋಸ್ಟ್ ಎಂದೂ 8888 ಎಂದೂ ಕಾಣುತ್ತದೆ. ಬ್ರೌಸರ್ ಎಂದ ಕೂಡಲೇ ನೆಟ್ ಬೇಕು ಎಂದುಕೊಳ್ಳಬೇಡಿ. ಇಲ್ಲಿ ಬ್ರೌಸರ್ ಮಾತಾಡುವುದು ಅದೇ ಲ್ಯಾಪ್‌ಟಾಪಿನ ಜೊತೆ. ನೆಟ್ ಹೋದರೂ ಲೆಕ್ಕ ನಿಲ್ಲುವುದಿಲ್ಲ. ಇದನ್ನು ಹೊಲದ ಪಂಪ್‌ಸೆಟ್‌ನಂತೆ ತಿಳಿಯಿರಿ. ಬ್ರೌಸರ್ ಎಂದರೆ ನೀರು ಬೀಳುವ ಪೈಪು. ಮೋಟರು ಇರುವುದು ಹಿಂದೆ, ಅದಕ್ಕೆ ಕರ್ನಲ್ ಎನ್ನುತ್ತಾರೆ. ಕಪ್ಪು ಪರದೆ ಮುಚ್ಚಿದರೆ ಮೋಟರು ಬಂದ್. ಬರೆದ ಹಾಳೆ ಉಳಿಯುತ್ತದೆ, ಆದರೆ ಕರ್ನಲ್ ನೆನಪಿನಲ್ಲಿದ್ದ ಅಂಕಿಗಳೆಲ್ಲ ಹೋಗುತ್ತವೆ. ಮತ್ತೆ ಮೇಲಿನಿಂದ ರನ್ ಮಾಡಬೇಕು. ಪೂರ್ತಿ ಸೇಜ್ ಹಾಕಲು ಹಲವು ಜಿಬಿ ಜಾಗ ಬೇಕು. ನಮ್ಮ ಹಳೆಯ ಲ್ಯಾಪ್‌ಟಾಪ್ ಅದನ್ನು ತಾಳುವುದಿಲ್ಲ. ನೀರಿನ ಲೆಕ್ಕಕ್ಕೆ ಬರೀ ಪೈಥಾನ್ ಸಾಕು.

ಎರಡು, ಅದೇ ಲ್ಯಾಪ್‌ಟಾಪಿನ ನೋಟ್‌ಬುಕ್ಕನ್ನು ಫೋನಿನ ಹಾಟ್‌ಸ್ಪಾಟ್ ಮೂಲಕ ಪಕ್ಕದವರ ಫೋನಿನಲ್ಲಿ ತೆರೆಯುವುದು. ಹಾಗೆಯೇ ತೆರೆಯುವುದಿಲ್ಲ, ಬೇರೆಯವರನ್ನು ಒಳಗೆ ಬಿಡು ಎಂದು ಮೊದಲು ಸೆಟ್ಟಿಂಗ್ ಮಾಡಬೇಕು. ಕೋಣೆಯಲ್ಲಿ ನಾಲ್ಕು ಜನ ಕೂತು ನೋಡಲು ಚೆನ್ನಾಗಿದೆ. ಆದರೆ ಒಂದು ಎಚ್ಚರ. ಒಳಗೆ ಬರಲು ಟೋಕನ್ ಎಂಬ ಉದ್ದನೆಯ ಗುಪ್ತಪದ ಇರುತ್ತದೆ. ಅದು ಸಿಕ್ಕವರು ಲೆಕ್ಕ ನೋಡುವುದಷ್ಟೇ ಅಲ್ಲ, ನಿಮ್ಮ ಕಂಪ್ಯೂಟರಿನ ಫೈಲುಗಳನ್ನು ಅಳಿಸಲೂ ಬಹುದು. ಟೋಕನ್ ಕೊಡುವುದೆಂದರೆ ಮನೆಯ ಕೀಲಿ ಕೊಟ್ಟಂತೆ. ಬಸ್ ನಿಲ್ದಾಣದ ವೈಫೈನಲ್ಲಿ ಈ ಕೆಲಸ ಬೇಡವೇ ಬೇಡ.

ಮೂರು, ಗೂಗಲ್ ಕೋಲ್ಯಾಬ್. ಇದೂ ಜುಪಿಟರ್ ನೋಟ್‌ಬುಕ್ಕೇ. ಮೋಟರು ಮಾತ್ರ ಗೂಗಲ್‌ನವರ ಕಂಪ್ಯೂಟರಿನಲ್ಲಿ. ಜಿಮೇಲ್ ಇದ್ದರೆ ಸಾಕು, ಫೋನಿನ ಬ್ರೌಸರಿನಲ್ಲೂ ನಡೆಯುತ್ತದೆ. ನಮ್ಮ ಮೂರೂ ಊರಿನವರು ಒಂದೇ ಹಾಳೆ ನೋಡುವುದು ಹೀಗೆ. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ಅವರು ಮೋಟರು ಆಫ್ ಮಾಡುತ್ತಾರೆ. ಹಾಳೆ ಡ್ರೈವ್‌ನಲ್ಲಿ ಉಳಿದಿರುತ್ತದೆ, ಮತ್ತೆ ರನ್ ಮಾಡಿದರಾಯಿತು.

ನಾಲ್ಕು, ಸೇಜ್‌ಮ್ಯಾತ್‌ಸೆಲ್. ಖಾತೆ ಬೇಡ, ಪಾಸ್‌ವರ್ಡ್ ಬೇಡ. ಪುಟ ತೆರೆದರೆ ಒಂದೇ ಒಂದು ಸೆಲ್. ಬರೆಯಿರಿ, ಒತ್ತಿರಿ, ಉತ್ತರ. ಶೇರ್ ಒತ್ತಿದರೆ ಒಂದು ಲಿಂಕ್ ಸಿಗುತ್ತದೆ. ಅದನ್ನು ವಾಟ್ಸಾಪ್‌ನಲ್ಲಿ ಹಾಕಿದರೆ ಓದುವವರಿಗೂ ಅದೇ ಲೆಕ್ಕ ತೆರೆಯುತ್ತದೆ. ಅವರು ಅಂಕಿ ಬದಲಿಸಿ ನೋಡಬಹುದು. ಹಳ್ಳಿಯ ಫೋನಿಗೆ ಇದಕ್ಕಿಂತ ಹಗುರವಾದದ್ದನ್ನು ನಾವು ಕಂಡಿಲ್ಲ. ಜುಪಿಟರ್‌ಲೈಟ್ ಎಂದು ಇನ್ನೊಂದಿದೆ. ಅದರಲ್ಲಿ ಮೋಟರು ಕೂಡ ನಿಮ್ಮ ಬ್ರೌಸರಿನೊಳಗೇ ಓಡುತ್ತದೆ, ಆದರೆ ಮೊದಲ ಸಲ ತೆರೆಯುವಾಗ ಡೇಟಾ ಹೆಚ್ಚು ಎಳೆಯುತ್ತದೆ.

ಕನ್ನಡದಲ್ಲೇ ಲೆಕ್ಕ

ನಮಗೆ ಬಹಳ ಖುಷಿ ಕೊಟ್ಟ ಸಂಗತಿ ಇದು. ಪೈಥಾನ್‌ನಲ್ಲಿ ಅಂಕಿಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. ನೀರು ಎಂದೇ ಬರೆಯಬಹುದು, ಎಕರೆ ಎಂದೇ ಬರೆಯಬಹುದು. ಎರಡು ವಿಷಯ ನೆನಪಿರಲಿ. ಕೆಲವು ಕನ್ನಡ ಪದಗಳಲ್ಲಿ ಒತ್ತಕ್ಷರ ಆಗದಂತೆ ತಡೆಯಲು ಕೀಬೋರ್ಡ್ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸುತ್ತದೆ. ನೋಟ್‌ಬುಕ್ ಎಂಬ ಪದದಲ್ಲೇ ಅದಿದೆ. ಹೆಸರಿನಲ್ಲಿ ಅದು ಬಂದರೆ ಪೈಥಾನ್ ಒಪ್ಪುವುದಿಲ್ಲ. ಹಾಗಾಗಿ ಸರಳ ಪದಗಳನ್ನೇ ಇಡಬೇಕು. ಇನ್ನೊಂದು, ಒಂದು ಲಕ್ಷ ಬರೆಯುವಾಗ ನಡುವೆ ಅಲ್ಪವಿರಾಮ ಹಾಕಬಾರದು. ಹಾಕಿದರೆ ಅದು ಒಂದು ಸಂಖ್ಯೆ ಎಂದು ತಿಳಿಯದೆ, ಬಿಡಿ ಬಿಡಿ ಸಂಖ್ಯೆಗಳು ಎಂದುಕೊಳ್ಳುತ್ತದೆ.

ಸೇಜ್‌ಗೂ ಪೈಥಾನ್‌ಗೂ ಒಂದು ವ್ಯತ್ಯಾಸ ತಿಳಿದಿರಬೇಕು. ಸೇಜ್‌ನಲ್ಲಿ ಒಂದನ್ನು ಮೂರರಿಂದ ಭಾಗಿಸಿದರೆ ಮೂರನೇ ಒಂದು ಭಾಗ ಎಂದೇ ಉಳಿಯುತ್ತದೆ. ಪೈಥಾನ್‌ನಲ್ಲಿ ದಶಮಾಂಶವಾಗುತ್ತದೆ. ಘಾತಕ್ಕೆ ಬಳಸುವ ಟೋಪಿ ಗುರುತು ಇದೆಯಲ್ಲ, ಸೇಜ್‌ನಲ್ಲಿ 2^10 ಎಂದರೆ 1024. ಬರೀ ಪೈಥಾನ್‌ನಲ್ಲಿ ಅದಕ್ಕೆ ಬೇರೆಯೇ ಅರ್ಥ, ಉತ್ತರ 8 ಬರುತ್ತದೆ. ಯಾವುದರಲ್ಲಿ ಬರೆಯುತ್ತಿದ್ದೇವೆ ಎಂದು ನೋಡಿಕೊಂಡು ಬರೆಯಬೇಕು.

ಒಂದು ಉಪಕಾಲುವೆಯ ಲೆಕ್ಕ

ಈಗ ಮುಖ್ಯ ವಿಷಯ. ಕಾಲುವೆಯ ಕೊನೆ ಭಾಗದ ಒಂದು ಊರು. ಹೆಸರು ಬೇಡ, ಕೊನೆ ಭಾಗದ ಎಲ್ಲ ಊರಿನ ಕಥೆಯೂ ಒಂದೇ. ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದ. ಮೇಲಿನವರು ಕುಡಿದು ಉಳಿದದ್ದು ಕೆಳಗಿನವರಿಗೆ. ಆ ಊರಿನವರು ನಮ್ಮನ್ನು ಕರೆಸಿದರು. ಉಪಕಾಲುವೆಯ ತಲೆಯಲ್ಲಿ 40 ಕ್ಯೂಸೆಕ್ ಬಿಡುತ್ತಾರೆ, ನಮ್ಮ ಗಡಿಗೆ ಬರುವುದು 22. ನಡುವಿನ 18 ಎಲ್ಲಿ ಹೋಯಿತು ಎಂಬುದು ಅವರ ತಕರಾರು. ಭತ್ತ ಹೊಡೆ ಕಟ್ಟುವ ಹೊತ್ತು. ಆಗ ಹತ್ತು ದಿನ ನೀರು ತಪ್ಪಿದರೆ ವರ್ಷದ ಸಾಲ ತಲೆ ಮೇಲೆ.

ಗೇಜ್ ನೋಡಿ ಬರೆದುಕೊಂಡ ಅಂಕಿಗಳು ಅವರ ಬಳಿಯೇ ಇದ್ದವು. ನಾವು ದೇವಸ್ಥಾನದ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಹಾಳೆ ತೆರೆದೆವು. ಒಬ್ಬ ಹಿರಿಯರು ಕನ್ನಡಕ ಹಾಕಿಕೊಂಡು ಪಕ್ಕದಲ್ಲೇ ಕೂತರು. ಅವರ ಮೊಮ್ಮಗಳು ಡಿಗ್ರಿ ಕಾಲೇಜಿನಲ್ಲಿ ಬಿಎಸ್ಸಿ ಗಣಿತ ಓದುತ್ತಾಳೆ. ಗಣಿತ ಪ್ರಾಕ್ಟಿಕಲ್‌ಗೆ ಇಂಥದೇ ಉಚಿತ ತಂತ್ರಾಂಶ ಬಳಸುತ್ತಾರಾದ್ದರಿಂದ ಅವಳಿಗೆ ಇದು ಹೊಸದೇನಲ್ಲ. ಹಾಳೆಯಲ್ಲಿ ಹೀಗೆ ಬರೆದೆವು:

ಮೇಲೆ = 40
ಕೆಳಗೆ = 22
ತೂಬು = 0
ಸೋರಿಕೆ = 0
ಕೊರತೆ = ಮೇಲೆ - ಕೆಳಗೆ - ತೂಬು - ಸೋರಿಕೆ
ಎಕರೆ = ಕೊರತೆ * 86400 / 7260
ಎಕರೆ

ತೂಬು, ಸೋರಿಕೆ ಎರಡಕ್ಕೂ ಸದ್ಯಕ್ಕೆ ಸೊನ್ನೆ ಇಟ್ಟು, ಪಕ್ಕದಲ್ಲಿ "ಊರವರನ್ನು ಕೇಳಿ ತುಂಬುವುದು" ಎಂದು ಬರೆದಿದ್ದೆವು. ರನ್ ಒತ್ತಿದರೆ ಬಂದದ್ದು 214 ಚಿಲ್ಲರೆ.

"ಈ 7260 ಎಲ್ಲಿಂದ ಬಂತಪಾ?" ಎಂದರು ಹಿರಿಯರು.

ಒಂದು ಎಕರೆಯಲ್ಲಿ ಎರಡು ಇಂಚು ನೀರು ನಿಲ್ಲಿಸಲು ಬೇಕಾದ ಘನ ಅಡಿ ಅದು ಎಂದೆವು. ಅವರು ಗೊಬ್ಬರದ ರಸೀದಿಯ ಹಿಂದೆ ಪೆನ್ನು ಹಿಡಿದರು. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, 1,089. ನಲವತ್ತು ಗುಂಟೆಗೆ 43,560. ಎರಡು ಇಂಚು ಎಂದರೆ ಅಡಿಯ ಆರನೇ ಒಂದು ಭಾಗ. ಭಾಗಿಸಿದರು. 7,260 ಬಂತು. ತಲೆ ಆಡಿಸಿದರು.

ಆಮೇಲೆ ಹಾಳೆಯ ಮೂರನೇ ಸಾಲಿಗೆ ಬೆರಳಿಟ್ಟರು. "ಇಲ್ಲಿ ಸೊನ್ನಿ ಐತೆಲ್ಲ. ನಡುವಿನ ತೂಬಿನವರು ತಮ್ಮ ಪಾಲಿನ ನೀರು ತೊಗೊಳ್ಳಂಗಿಲ್ಲೇನು? ಅವರದೂ ಹೊಲನ ಅಲ್ಲ?"

ಕಟ್ಟೆಯ ಮೇಲೆ ಗದ್ದಲವಾಯಿತು. ಕೆಲವರಿಗೆ 214 ಎಂಬ ಅಂಕಿ ಹಿಡಿಸಿತ್ತು. "ಇರಲಿ ಬಿಡ್ರಿ ತಾತಾ, ದೊಡ್ಡದು ಬರದ್ರ ಜಲ್ದಿ ಕೇಳ್ತಾರ" ಎಂದ ಒಬ್ಬ ಯುವಕ. ಹಿರಿಯರು ಒಪ್ಪಲಿಲ್ಲ. "ನಾಳೆ ಮ್ಯಾಲಿನ ಊರವರು ಬಂದು ನಮ್ಮ ಪಾಲು ಎಲ್ಲಿ ಅಂದ್ರ ಮುಖ ಎಲ್ಲಿ ಇಡ್ತೀಯೋ?" ಎಂದರು. ಯಾವ ತೂಬಿಗೆ ಎಷ್ಟು ಎಂದು ಹಳಬರು ಒಬ್ಬೊಬ್ಬರಾಗಿ ಹೇಳಿದರು. ಕೂಡಿಸಿದರೆ 11 ಕ್ಯೂಸೆಕ್. ಮೊಮ್ಮಗಳು ಸೊನ್ನೆ ಅಳಿಸಿ 11 ಬರೆದು ರನ್ ಒತ್ತಿದಳು. 83 ಬಂತು.

214 ಎಲ್ಲಿ, 83 ಎಲ್ಲಿ. ಆದರೆ ಈ 83 ಗಟ್ಟಿ ಅಂಕಿ. 7 ಕ್ಯೂಸೆಕ್ ನೀರಿಗೆ ಲೆಕ್ಕವಿಲ್ಲ, ದಿನಕ್ಕೆ 83 ಎಕರೆಗೆ ಎರಡು ಇಂಚು ನೀರು ತಪ್ಪುತ್ತಿದೆ. ಸುದ್ದಿಯಲ್ಲಿ ಅದನ್ನೇ ಬರೆದೆವು. ಹಾಳೆಯ ಲಿಂಕನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದೆವು.

ಎರಡು ದಿನ ಬಿಟ್ಟು ಒಬ್ಬ ಅಧಿಕಾರಿಯ ಬಳಿ ಹೋದೆವು. ಮೊದಲಿನ ಹಾಗಿದ್ದರೆ ಮಾತು ಗೊತ್ತೇ ಇದೆ. ರೈತರು ಹೇಳುವುದು ಸುಳ್ಳು ಎಂದು ಅವರು, ಅಧಿಕಾರಿಗಳು ಹೇಳುವುದು ಸುಳ್ಳು ಎಂದು ಇವರು. ಈ ಸಲ ಅವರು ಫೋನು ಇಸಿದುಕೊಂಡು ಸಾಲು ಸಾಲಾಗಿ ಓದಿದರು. 40 ಒಪ್ಪಿದರು, 22 ಒಪ್ಪಿದರು, ತೂಬಿನ 11 ಕೂಡ ಒಪ್ಪಿದರು. "ಸೋರಿಕೆಗೆ ಸೊನ್ನೆ ಹಾಕಿದ್ದೀರಲ್ಲ. ಲೈನಿಂಗ್ ಕಿತ್ತು ಹೋಗಿರೋ ಕಾಲುವೆ ಇದು. ಮೂರಾದರೂ ಹಾಕ್ರಿ" ಎಂದರು. ಹಾಕಿದೆವು. ಕೊರತೆ 4 ಕ್ಯೂಸೆಕ್‌ಗೆ ಇಳಿಯಿತು, ಎಕರೆ ಸುಮಾರು 48ಕ್ಕೆ.

ನಮಗೆ ಆಗ ತಿಳಿದದ್ದು ಇಷ್ಟು. ನೋಟ್‌ಬುಕ್ ಜಗಳ ಮುಗಿಸುವುದಿಲ್ಲ. ಆದರೆ ಜಗಳವನ್ನು ಒಂದು ಸಾಲಿಗೆ ಇಳಿಸುತ್ತದೆ. ಇಡೀ ಊರು ಮತ್ತು ಇಡೀ ಇಲಾಖೆಯ ನಡುವೆ ಇದ್ದ ತಕರಾರು ಈಗ ಸೋರಿಕೆ ಎಂಬ ಒಂದು ಪದದ ಮುಂದಿನ ಅಂಕಿಯಲ್ಲಿ ಬಂದು ನಿಂತಿತ್ತು. ಅದು ಮೂರೋ, ಒಂದೋ, ಐದೋ? ಅದನ್ನು ಕೂತು ಹೇಳಲಾಗದು, ಕಾಲುವೆಯ ಮೇಲೆ ನಡೆದೇ ನೋಡಬೇಕು.

ನಡೆದರು. ಗ್ಯಾಂಗ್‌ಮನ್, ಊರಿನ ನಾಲ್ಕು ಜನ, ಮೇಲಿನ ಊರಿನ ಇಬ್ಬರು, ಇಲಾಖೆಯವರೊಬ್ಬರು. ಲೈನಿಂಗ್ ಕಿತ್ತ ಜಾಗಗಳು ಕಂಡವು. ಕಾಲುವೆಗೆ ಇಳಿಬಿಟ್ಟ ಪಂಪ್‌ಸೆಟ್ ಪೈಪುಗಳೂ ಕಂಡವು. ಆ ಪಾಳಿಯಲ್ಲಿ ಕೊನೆ ಭಾಗಕ್ಕೆ ನೀರು ಸ್ವಲ್ಪ ಹೆಚ್ಚು ಬಂತು. ಎಲ್ಲರ ಗದ್ದೆಗೂ ಮುಟ್ಟಿತು ಎಂದು ಹೇಳಲಾರೆವು, ಕೊನೆಯ ಕೆಲವು ಹೊಲದವರು ಆ ವರ್ಷ ಅರ್ಧ ಬೆಳೆಯನ್ನೇ ಕೊಯ್ದರು. ಸೋರಿಕೆಯ ಸರಿಯಾದ ಅಂಕಿ ಇನ್ನೂ ಅಳೆಯಬೇಕಾಗಿದೆ. ಹಾಳೆಯಲ್ಲಿ ಆ ಸಾಲಿನ ಪಕ್ಕ "ಅಳತೆ ಬಾಕಿ" ಎಂದೇ ಇದೆ. ಬಾಕಿ ಇರುವುದನ್ನು ಬಾಕಿ ಎಂದು ಬರೆದಿಡುವುದೂ ಲೆಕ್ಕವೇ.

ನೋಟ್‌ಬುಕ್‌ನಲ್ಲೂ ಮೋಸ ಇರಬಹುದು

ಹಾಗಂತ ನೋಟ್‌ಬುಕ್ಕಿನಲ್ಲಿ ಇದ್ದದ್ದೆಲ್ಲ ನಿಜ ಎಂದು ನಂಬಬೇಡಿ. ಬಿತ್ತಿದ್ದೇ ಬೆಳೆಯುವುದು. ಗೇಜ್ ತಪ್ಪಿದ್ದರೆ ಉತ್ತರವೂ ತಪ್ಪು, ಎಷ್ಟೇ ಅಂದವಾಗಿ ಬರೆದಿದ್ದರೂ.

ಇನ್ನೊಂದು ಅಪಾಯ ಈ ಸಾಧನದ್ದೇ. ಒಂದೇ ಚೌಕದಲ್ಲಿ ಎಲ್ಲವನ್ನೂ ಬರೆದರೆ ತೊಂದರೆ ಇಲ್ಲ. ಬೇರೆ ಬೇರೆ ಸೆಲ್‌ಗಳಲ್ಲಿ ಬರೆದಾಗ ಅವನ್ನು ಯಾವ ಕ್ರಮದಲ್ಲಿ ಬೇಕಾದರೂ ರನ್ ಮಾಡಬಹುದು. ಮೇಲಿನ ಸೆಲ್‌ನಲ್ಲಿ ತೂಬು 11 ಎಂದು ಬದಲಿಸಿ ಕೆಳಗಿನ ಸೆಲ್ ರನ್ ಮಾಡದಿದ್ದರೆ, ಅಲ್ಲಿ ಹಳೆಯ 214 ಹಾಗೇ ಕೂತಿರುತ್ತದೆ. ನೋಡುವವರಿಗೆ ಮೇಲೆ 11, ಕೆಳಗೆ 214. ಇದಕ್ಕೆ ಉಪಾಯ ಸರಳ. ಪ್ರತಿ ಲೆಕ್ಕದ ಸೆಲ್‌ನ ಎಡಕ್ಕೆ ಆವರಣದಲ್ಲಿ ಒಂದು ಸಂಖ್ಯೆ ಇರುತ್ತದೆ, ಯಾವುದು ಎಷ್ಟನೆಯದಾಗಿ ರನ್ ಆಯಿತು ಎಂದು ಅದು ಹೇಳುತ್ತದೆ. ಮೇಲಿನಿಂದ ಕೆಳಗೆ 1, 2, 3 ಎಂದು ಇದ್ದರೆ ಸರಿ. ಇಲ್ಲದಿದ್ದರೆ ಕರ್ನಲ್ ಮೆನುವಿನಲ್ಲಿ ರೀಸ್ಟಾರ್ಟ್ ಮಾಡಿ ಎಲ್ಲವನ್ನೂ ರನ್ ಮಾಡು ಎಂಬುದನ್ನು ಒತ್ತಬೇಕು. ನಮ್ಮಲ್ಲಿ ಒಂದು ನಿಯಮವಿದೆ. ಸಿಂಧನೂರಿನಲ್ಲಿ ಬರೆದ ಹಾಳೆಯನ್ನು ಮಸ್ಕಿಯವರೋ ಲಿಂಗಸುಗೂರಿನವರೋ ಹೀಗೆ ಹೊಸದಾಗಿ ಓಡಿಸಿ, ಅದೇ ಉತ್ತರ ಬಂದ ಮೇಲೆಯೇ ಸುದ್ದಿ ಹೋಗುವುದು.

ನಮ್ಮ ನೆಲದ ಲೆಕ್ಕ

ಲೆಕ್ಕ ಎಂದರೆ ಹೊರಗಿನದು, ಕಂಪ್ಯೂಟರಿನವರದು ಎಂಬ ಭಾವನೆ ನಮ್ಮ ಹಳ್ಳಿಗಳಲ್ಲಿದೆ. ಕಲಬುರಗಿ ಜಿಲ್ಲೆಯ ಮಳಖೇಡ, ಅಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತ ಬರೆದ. ನಿತ್ಯದ ವ್ಯವಹಾರದ ಲೆಕ್ಕವನ್ನು ಜನರ ಭಾಷೆಯಲ್ಲಿ ಹೇಳಬೇಕು ಎಂಬುದು ಇಲ್ಲಿ ಹೊಸ ಆಸೆಯೇನಲ್ಲ. ನಮ್ಮ ಹಾಳೆಯಲ್ಲಿ ನೀರು, ತೂಬು, ಸೋರಿಕೆ ಎಂದು ಬರೆಯುವಾಗ ನಮಗೆ ಇದು ನೆನಪಾಗುತ್ತದೆ.

ಮಸ್ಕಿಯ ಬಂಡೆಯೂ ಒಂದು ಪಾಠ ಹೇಳುತ್ತದೆ. ದೇಶದ ಹಲವು ಕಡೆ ಸಿಕ್ಕ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಇತ್ತು. ಆ ರಾಜ ಅಶೋಕನೇ ಎಂಬುದನ್ನು ಸಿಂಹಳದ ಗ್ರಂಥಗಳ ಆಧಾರದ ಮೇಲೆ ಹೇಳುತ್ತಿದ್ದರು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯ ಶಾಸನ ಕಂಡರು. ಅದರಲ್ಲಿ ಅಶೋಕ ಎಂಬ ಹೆಸರೇ ಇತ್ತು. ಊಹೆಗೆ ಕಲ್ಲಿನ ಮೇಲೆ ಆಧಾರ ಸಿಕ್ಕಿತು. ಎಲ್ಲರಿಗೂ ಕಾಣುವ ಜಾಗದಲ್ಲಿ ಬರೆದಿಟ್ಟ ಒಂದು ಸಾಲಿಗೆ ಅಷ್ಟು ಬಲ.

ನೀವೂ ಮಾಡಿ ನೋಡಿ

ಓದುವವರಲ್ಲಿ ನಮ್ಮ ವಿನಂತಿ ದೊಡ್ಡದೇನಲ್ಲ. ಇನ್ನು ಮುಂದೆ ಯಾರಾದರೂ ಒಂದು ಅಂಕಿ ಹೇಳಿದರೆ, ಅದು ಕಾಲುವೆಯದಿರಲಿ, ಬೆಳೆ ವಿಮೆಯದಿರಲಿ, ಗ್ರಾಮ ಪಂಚಾಯಿತಿಯ ಕಾಮಗಾರಿಯದಿರಲಿ, ಎಷ್ಟು ಎಂದು ಕೇಳಿ ಸುಮ್ಮನಾಗಬೇಡಿ. ಹೇಗೆ ಬಂತು ಎಂದೂ ಕೇಳಿ. ಪತ್ರಿಕೆಯವರನ್ನೂ ಕೇಳಿ, ನಮ್ಮನ್ನೂ ಕೇಳಿ.

ಕಲಿಯುವ ಆಸೆ ಇದ್ದವರು ಸೇಜ್‌ಮ್ಯಾತ್‌ಸೆಲ್‌ನಿಂದ ಶುರು ಮಾಡಿ. ಫೋನು ಸಾಕು. ಮೊದಲಿಗೆ ನಿಮ್ಮ ಹೊಲದ ಲೆಕ್ಕವನ್ನೇ ಹಾಕಿ. ಒಂದು ಕ್ಯೂಸೆಕ್ ನೀರು 24 ಗಂಟೆ ಹರಿದರೆ ಹತ್ತಿರ ಹತ್ತಿರ 12 ಎಕರೆಗೆ ಎರಡು ಇಂಚು ನಿಲ್ಲುತ್ತದೆ ಎಂಬುದು ನಿಮ್ಮ ಪರದೆಯ ಮೇಲೂ ಬರುತ್ತದೆಯೇ ನೋಡಿ. ಮನೆಯಲ್ಲಿ ಡಿಗ್ರಿ ಓದುವ ಮಗಳೋ ಮಗನೋ ಇದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಉಚಿತ ತಂತ್ರಾಂಶಗಳ ಪಾಠಗಳು ಕನ್ನಡದಲ್ಲೂ ಇವೆ.

ನಿಮ್ಮ ಊರಿನ ತೂಬಿನ ಅಂಕಿಗಳಿದ್ದರೆ ದಿನಾಂಕ ಹಾಕಿ ನಮಗೆ ಕಳಿಸಿ. ಹಾಳೆಗೆ ಸೇರಿಸುತ್ತೇವೆ. ಸೇರಿಸಿದ ಮೇಲೆ ಲಿಂಕ್ ನಿಮಗೇ ಬರುತ್ತದೆ. ತಪ್ಪು ಕಂಡರೆ ಯಾವ ಸಾಲು ಎಂದು ಹೇಳಿ. ಆ ಸಾಲಿನಿಂದಲೇ ಮತ್ತೆ ಮಾತು ಶುರು ಮಾಡೋಣ.